ಉಪ್ಪಿನ ಹೊಳೆಯ ಎರಡು ದಡ

ಕೇಳುಗರೆಲ್ಲರಿಗೂ ನಮಸ್ಕಾರ.

ಕೈಯಲ್ಲಿ ಸೌಟೋ ಪೆನ್ನೋ ಇದ್ದರೆ ಒಂದು ನಿಮಿಷ ಕೆಳಗಿಡಿ. ಎಡಗೈ ಎತ್ತಿ. ಹೆಬ್ಬೆರಳು, ತೋರುಬೆರಳು ಎರಡನ್ನೂ ಅಗಲಿಸಿ. ಕುದುರೆ ಲಾಳದ ಥರ ಆಯಿತು, ಅಲ್ವಾ? ಆ ಲಾಳವೇ ಇವತ್ತಿನ ನಮ್ಮ ನದಿ. ಹೆಸರು ಸಾಲ್ಜಾಖ್. ಲಾಳದ ಒಳಗಿರುವ ಪೇಟೆ ಲೌಫೆನ್, ಅದು ಜರ್ಮನಿ. ಲಾಳದ ಹೊರಗಿರುವ ಊರು ಓಬರ್ನ್‌ಡಾರ್ಫ್, ಅದು ಆಸ್ಟ್ರಿಯಾ. ನಡುವೆ ಇರುವುದು ಒಂದು ಬೆರಳಿನಷ್ಟು ನೀರು. ಈಗ ಕೈ ಇಳಿಸಬಹುದು. ಆಕಾರ ಮಾತ್ರ ಮರೆಯಬೇಡಿ, ಆಮೇಲೆ ಬೇಕಾಗುತ್ತದೆ.

ನಿಲಯದವರು ಫೋನ್ ಮಾಡಿ, "ಸಾರ್, ಕ್ರಿಸ್‌ಮಸ್ ವಾರ, ಸೈಲೆಂಟ್ ನೈಟ್ ಹಾಡು ಹುಟ್ಟಿದ ಊರಿನ ಬಗ್ಗೆ ಮಾತಾಡಿ" ಎಂದರು. ಒಪ್ಪಿಕೊಂಡೆ. ಆದರೆ ಹಾಡಿನ ಮಾತು ಕಡಿಮೆ, ಹೊಳೆಯ ಮಾತು ಜಾಸ್ತಿ ಎಂದು ಮೊದಲೇ ಹೇಳಿದೆ. ನಾನು ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ಮೇಷ್ಟ್ರು. ನನ್ನಿಂದ ಹಾಡಿಸಿದರೆ ಕಷ್ಟ ನಿಮಗೇ.

ನಾನು ಹೇಳುವುದು ಒಂದೇ ಮಾತು. ಹೊಳೆ ಅಂದರೆ ಬೇಲಿ ಅಲ್ಲ, ಬೀದಿ. ನಕಾಶೆಯಲ್ಲಿ ಹೊಳೆಯ ಮೇಲೇ ಗಡಿಯ ಗೆರೆ ಎಳೆದಿರುತ್ತಾರೆ. ಅದನ್ನು ನೋಡಿ ನೋಡಿ, ಹೊಳೆ ಇರುವುದೇ ಎರಡು ಊರುಗಳನ್ನು ಬೇರೆ ಮಾಡಲಿಕ್ಕೆ ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ. ಮಕ್ಕಳೇನು, ದೊಡ್ಡವರೂ ಅಷ್ಟೇ. ಸ್ವಲ್ಪ ಯೋಚನೆ ಮಾಡಿ. ರಸ್ತೆ ಇಲ್ಲ, ರೈಲು ಇಲ್ಲ, ಸುತ್ತ ಬೆಟ್ಟ, ಕಾಡು. ಆಗ ಮೂಟೆ ಸಾಗಿಸಲು ಇದ್ದ ಒಂದೇ ಬೀದಿ ಯಾವುದು? ಹೊಳೆ. ಬೀದಿಗೆ ಎರಡು ಬದಿ ಇರುವ ಹಾಗೆ ಹೊಳೆಗೆ ಎರಡು ದಡ. ಬೀದಿಯ ಆಚೆ ಮನೆ, ಈಚೆ ಮನೆ. ಆದರೆ ಊರು ಒಂದೇ.

ಸಾಲ್ಜ್ ಎಂದರೆ ಅವರ ಭಾಷೆಯಲ್ಲಿ ಉಪ್ಪು. ಆಖ್ ಎಂದರೆ ಹಳೆಯ ಮಾತಿನಲ್ಲಿ ಹೊಳೆ. ಉಪ್ಪಿನ ಹೊಳೆ. ನೀರೇನೂ ಉಪ್ಪಲ್ಲ, ಆಲ್ಪ್ಸ್ ಬೆಟ್ಟದ ಹಿಮ ಕರಗಿ ಬಂದ ಸಿಹಿ ನೀರು. ಆದರೆ ಅದರ ಮೇಲೆ ತೇಲಿ ಹೋಗುತ್ತಿದ್ದದ್ದು ಉಪ್ಪು. ಮೇಲೆ ಹಾಲೈನ್ ಎಂಬ ಊರಿದೆ. ಅಲ್ಲಿನ ಗುಡ್ಡದ ಹೊಟ್ಟೆಯಲ್ಲಿ ಉಪ್ಪಿದೆ. ಗುಡ್ಡದೊಳಗೆ ನೀರು ಬಿಟ್ಟು ಉಪ್ಪನ್ನು ಕರಗಿಸುತ್ತಿದ್ದರು. ಆ ಉಪ್ಪುನೀರನ್ನು ಕೆಳಗಿಳಿಸಿ, ದೊಡ್ಡ ದೊಡ್ಡ ಬಾಣಲೆಗಳಲ್ಲಿ ಕುದಿಸಿ ಉಪ್ಪು ತೆಗೆಯುತ್ತಿದ್ದರು. ಆ ಸೀಮೆಯನ್ನು ಆಳುತ್ತಿದ್ದವರು ರಾಜರಲ್ಲ, ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್‌ಗಳು. ಸಾಲ್ಜ್‌ಬರ್ಗ್ ಎಂದರೆ ಉಪ್ಪಿನ ಕೋಟೆ. ಅಲ್ಲಿ ಇವತ್ತು ನಾವು ಬಾಯಿ ಬಿಟ್ಟುಕೊಂಡು ನೋಡುವ ಗೋಪುರ, ಅರಮನೆಗಳಲ್ಲಿ ಉಪ್ಪಿನ ದುಡ್ಡು ತುಂಬಾ ಇದೆ.

ಈಗ ಆ ಲಾಳಕ್ಕೆ ಬನ್ನಿ. ಹಾಲೈನ್‌ನಿಂದ ಸಣ್ಣ ದೋಣಿಗಳು ಉಪ್ಪು ತುಂಬಿಕೊಂಡು ಹರಿವಿನ ಜೊತೆ ಬರುತ್ತವೆ. ಲಾಳದ ತಿರುವಿನಲ್ಲಿ ನೀರಿನಲ್ಲಿ ಬಂಡೆ, ನೀರಿಗೆ ರಭಸ. ಲೌಫೆನ್ ಎಂಬ ಹೆಸರು ಬಂದದ್ದೇ ಆ ರಭಸದ ನೀರಿನಿಂದ. ತುಂಬಿದ ದೋಣಿ ಅಲ್ಲಿ ಬಂಡೆಗೆ ಬಡಿದರೆ ಉಪ್ಪು ಎಲ್ಲಿಗೆ ಹೋಯಿತು? ನೀರಿಗೆ. ಕರಗಿಯೇ ಹೋಯಿತು, ಹುಡುಕುವ ಮಾತೇ ಇಲ್ಲ. ಹಾಗಾಗಿ ಇಲ್ಲಿ ಸರಕು ಇಳಿಸಬೇಕು, ದೊಡ್ಡ ದೋಣಿಗೆ ತುಂಬಬೇಕು, ಮುಂದೆ ಸಾಗಿಸಬೇಕು. ಸಾಲ್ಜಾಖ್‌ನಿಂದ ಇನ್ ನದಿ, ಇನ್‌ನಿಂದ ಪಸಾವ್ ಊರಿನ ಹತ್ತಿರ ಡ್ಯಾನ್ಯೂಬ್. ಬರುವಾಗ ಹರಿವಿನ ಎದುರು. ಕುದುರೆಗಳು ದಡದ ಮೇಲೆ ನಡೆಯುತ್ತಾ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯಬೇಕಿತ್ತು.

ಇಳಿಸುವವರು, ತುಂಬುವವರು, ಹುಟ್ಟು ಹಾಕುವವರು, ದೋಣಿ ಕಟ್ಟುವವರು. ಎಷ್ಟು ಜನರ ಹೊಟ್ಟೆಪಾಡು ಲೆಕ್ಕ ಹಾಕಿ! ಪೇಟೆ, ದೊಡ್ಡ ಚರ್ಚು, ಕಚೇರಿ ಎಲ್ಲ ಲೌಫೆನ್ ದಡದಲ್ಲಿ. ಅಂಬಿಗರ ಮನೆಗಳು ಓಬರ್ನ್‌ಡಾರ್ಫ್ ದಡದಲ್ಲಿ. ಓಬರ್ನ್‌ಡಾರ್ಫ್ ಎಂದರೆ ಲೌಫೆನ್ನಿನ ಹೊರಕೇರಿ, ಅಷ್ಟೇ. ಆ ಅಂಬಿಗರಿಗೆ ಚಳಿಗಾಲದಲ್ಲಿ ದೋಣಿ ಕೆಲಸ ಇಲ್ಲ. ಕೈ ಖಾಲಿ. ಆಗ ಏನು ಮಾಡುತ್ತಿದ್ದರು ಗೊತ್ತಾ? ನಾಟಕ ಆಡುತ್ತಿದ್ದರು! ಅಂಬಿಗರ ನಾಟಕ ಎಂದು ಆ ಸೀಮೆಯಲ್ಲೆಲ್ಲ ಹೆಸರಾಗಿತ್ತು. ಈ ಚಳಿಗಾಲವನ್ನು ಒಂದು ಕಡೆ ಗುರುತು ಹಾಕಿಟ್ಟುಕೊಳ್ಳಿ.

ನೆಪೋಲಿಯನ್ ಬಂದ, ಎಲ್ಲ ತಲೆಕೆಳಗಾಯಿತು. ಆರ್ಚ್‌ಬಿಷಪ್‌ಗಳ ಆಳ್ವಿಕೆ 1803ರಲ್ಲಿ ಹೋಯಿತು. ಆ ಸೀಮೆ ಕೈಯಿಂದ ಕೈಗೆ ದಾಟಿತು. ಕೊನೆಗೆ 1816ರ ಏಪ್ರಿಲ್ 14ರಂದು ಮ್ಯೂನಿಕ್‌ನಲ್ಲಿ ಒಂದು ಒಪ್ಪಂದವಾಯಿತು. ಬಲದಂಡೆ ಆಸ್ಟ್ರಿಯಾಕ್ಕೆ, ಎಡದಂಡೆ ಬವೇರಿಯಾಕ್ಕೆ, ಅಂದರೆ ಇವತ್ತು ಜರ್ಮನಿಯೊಳಗಿರುವ ಸೀಮೆಗೆ. ಗಡಿ ಎಲ್ಲಿ? ಹೊಳೆಯೇ ಗಡಿ. ಸುಲಭ, ಅಲ್ವಾ? ನಕಾಶೆ ಮುಂದೆ ಕೂತವರಿಗೆ ಸುಲಭ. ಬೆಳಗಾಗುವುದರಲ್ಲಿ ಓಬರ್ನ್‌ಡಾರ್ಫ್‌ನವರ ಪೇಟೆ, ಅವರ ದೊಡ್ಡ ಚರ್ಚು ಪರದೇಶವಾಯಿತು. ಬೀದಿಯ ನಡುವೆ ಗೋಡೆ ಎಬ್ಬಿಸಿದ ಹಾಗೆ.

ಇಲ್ಲಿ ನನ್ನದೇ ಒಂದು ಕಥೆ ಹೇಳಲೇಬೇಕು. ನಮ್ಮ ಮನೆಯಲ್ಲಿ ಇದನ್ನು ಕೇಳಿ ಎಲ್ಲರಿಗೂ ಸಾಕಾಗಿದೆ, ನೀವಾದರೂ ಕೇಳಿ.

2013ರ ಡಿಸೆಂಬರ್. ಬಸ್ಸಿನಲ್ಲಿ ನಾವು ನಲವತ್ತು ಜನ, ಎಲ್ಲ ನಮ್ಮ ಕಡೆಯವರೇ. ಓಬರ್ನ್‌ಡಾರ್ಫ್‌ನಲ್ಲಿ ಬಸ್ಸು ನಿಂತಿತು. ಟೂರ್ ಮ್ಯಾನೇಜರ್ ಹುಡುಗ ಮೈಕಿನಲ್ಲಿ, "ನಲವತ್ತು ನಿಮಿಷ ಅಷ್ಟೇ, ಫೋಟೋ ತೆಗೆದು ಬಂದುಬಿಡಿ" ಎಂದ. ಅಲ್ಲಿರುವುದು ಎಂಟು ಮೂಲೆಯ ಒಂದು ಪುಟ್ಟ ಪ್ರಾರ್ಥನಾ ಮಂದಿರ. ಒಳಗೆ ಇಪ್ಪತ್ತು ಜನ ನಿಂತರೆ ತುಂಬಿತು. ಬಣ್ಣದ ಗಾಜಿನ ಕಿಟಕಿಗಳು, ಹಾಡು ಬರೆದವರ ಚಿತ್ರ. ನೋಡಲು ಐದು ನಿಮಿಷ ಸಾಕು. ಉಳಿದ ಮೂವತ್ತೈದು ನಿಮಿಷ ಎಲ್ಲರೂ ಅದರ ಮುಂದೆ ನಿಂತು ಫೋಟೋ, ಮತ್ತೆ ಫೋಟೋ. ಹಿಂದೆಯೇ ಹೊಳೆಯ ಏರಿ ಇದೆ ಸ್ವಾಮಿ! ಒಬ್ಬರಾದರೂ ಹತ್ತಿ ನೋಡಬೇಕಲ್ಲ? ಇಲ್ಲ.

ನಾನು ಹತ್ತಿದೆ. ಬೂದು ಹಸಿರು ನೀರು, ಸದ್ದೇ ಇಲ್ಲದೆ ಓಡುತ್ತಿತ್ತು. ಎದುರಿಗೆ ಲೌಫೆನ್ನಿನ ಚರ್ಚು. ನಡೆದು ಹೋಗುವವರಿಗೆಂದೇ ಒಂದು ಸೇತುವೆ ಇದೆ. ಸುಮ್ನೆ ಅರ್ಧದವರೆಗೆ ಹೋಗಿ ಬರೋಣ ಎಂದು ಕಾಲಿಟ್ಟೆ. ಅರ್ಧ ದಾಟಿದ ಮೇಲೆ ಕಿಸೆಯಲ್ಲಿದ್ದ ಮೊಬೈಲ್ ಟಿಣ್ ಎಂದಿತು. ಜರ್ಮನಿಗೆ ಸ್ವಾಗತ ಎಂದು ಮೆಸೇಜು. ನೀರಿಗೆ ಗೊತ್ತಾಗದ ಗಡಿ, ನನ್ನ ಬೂಟಿಗೆ ಗೊತ್ತಾಗದ ಗಡಿ, ಮೊಬೈಲಿಗೆ ಮಾತ್ರ ಗೊತ್ತಾಯಿತು. ಇನ್ನು ವಾಪಸ್ ಹೋಗುವುದುಂಟೇ? ಆಚೆ ದಡಕ್ಕೆ ಹೋದೆ. ಚರ್ಚಿನ ಸುತ್ತ ಕಮಾನಿನ ಪಡಸಾಲೆ ಇದೆ. ಗೋಡೆಗೆಲ್ಲ ಹಳೆಯ ಸಮಾಧಿ ಕಲ್ಲುಗಳು. 1816ಕ್ಕೆ ಮುಂಚೆ ಓಬರ್ನ್‌ಡಾರ್ಫ್‌ನವರಿಗೂ ಇದೇ ದೊಡ್ಡ ಚರ್ಚು. ಅವನ್ನು ನೋಡುತ್ತಾ ಕಾಲ ಮರೆತೆ. ಆಮೇಲೆ ಒಂದು ಬೇಕರಿಗೆ ಹೊಕ್ಕೆ. ಕಾಫಿ ಕೊಟ್ಟ ಹೆಣ್ಣುಮಗಳ ಜೊತೆ ನನ್ನ ಹರಕು ಮುರುಕು ಜರ್ಮನ್‌ನಲ್ಲಿ ಮಾತು ತೆಗೆದೆ. ಅವಳ ತವರು ಓಬರ್ನ್‌ಡಾರ್ಫ್. ಕೆಲಸ ಮುಗಿಸಿ ದಿನಾ ಸಂಜೆ ಅಮ್ಮನನ್ನು ನೋಡಿಕೊಂಡು ಬರುತ್ತಾಳಂತೆ. ಪರದೇಶದ ತವರಿಗೆ ನಡಿಗೆಯಲ್ಲಿ ಹತ್ತು ನಿಮಿಷ!

ಅಷ್ಟರಲ್ಲಿ ಫೋನ್. ಆ ಹುಡುಗ. "ಸಾರ್, ಎಲ್ಲಿದ್ದೀರಿ?"

"ಜರ್ಮನಿಯಲ್ಲಿದ್ದೀನಪ್ಪ."

ಆ ಕಡೆ ಉಸಿರೇ ಇಲ್ಲ. ಆಮೇಲೆ ಅಳುವ ದನಿಯಲ್ಲಿ, "ಸಾರ್, ಜರ್ಮನಿ ನಾಳೆ ಇದೆ ಸಾರ್!" ಎಂದ.

ಹಿಂದಿನಿಂದ ನಮ್ಮ ಮನೆಯವರ ದನಿ ಕೇಳಿಸಿತು. "ಬಿಟ್ಟು ನಡೀರಿ, ಅವರು ಬರ್ತಾರೆ." ಬಸ್ಸು ನಿಜವಾಗಿಯೂ ಹೊರಟೇ ಹೋಯಿತು! ನಾನು ನಿಧಾನವಾಗಿ ದೊಡ್ಡ ಸೇತುವೆಯ ಮೇಲೆ ವಾಪಸ್ ಬಂದೆ. 1903ರ ಕಬ್ಬಿಣದ ಸೇತುವೆ, ಅದರ ಮೇಲೆ ಎರಡೂ ಕಡೆಯ ಲಾಂಛನಗಳು. ಆಮೇಲೆ ಲೋಕಲ್ ರೈಲು ಹಿಡಿದು ಅರ್ಧ ಗಂಟೆಯಲ್ಲಿ ಸಾಲ್ಜ್‌ಬರ್ಗ್ ಸೇರಿದೆ. ಮನೆಯವರು ಎರಡು ದಿನ ಮಾತಾಡಲಿಲ್ಲ. ಅದು ಬೇರೆ ವಿಷಯ.

ಗಡಿಯಾರ ನೋಡಿದರೆ ಗಾಬರಿಯಾಗುತ್ತಿದೆ. ಹಾಡಿನ ಮಾತು ಇನ್ನೂ ಶುರುವೇ ಆಗಿಲ್ಲ. ಬೇಗ ಹೇಳುತ್ತೇನೆ.

ಗಡಿ ಎಳೆದ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಎಂಬ ಬೆಂಕಿಬೆಟ್ಟ ಸಿಡಿದು, ಅದರ ಧೂಳು ಬಿಸಿಲನ್ನೇ ಮಂಕು ಮಾಡಿತ್ತು. ಬೆಳೆ ಹೋಯಿತು, ಹಸಿವು ಬಂತು. ಅದೇ ವರ್ಷ ಮರಿಯಾಪ್ಫಾರ್ ಎಂಬ ಬೆಟ್ಟದೂರಿನಲ್ಲಿ ಯೋಸೆಫ್ ಮೋರ್ ಎಂಬ ಬಡ ಪಾದ್ರಿ ಆರು ನುಡಿಯ ಒಂದು ಪದ್ಯ ಬರೆದ. ಮರುವರ್ಷ ಅವನು ಓಬರ್ನ್‌ಡಾರ್ಫ್‌ಗೆ ಬಂದ. ದೊಡ್ಡ ಚರ್ಚು ಆಚೆ ದಡಕ್ಕೆ ಹೋಯಿತಲ್ಲ, ಈಚೆ ಉಳಿದದ್ದು ಸಂತ ನಿಕೋಲಾಸ್‌ನ ಚರ್ಚು. ನಿಕೋಲಾಸ್ ಯಾರು? ಅಂಬಿಗರನ್ನು ಕಾಯುವ ಸಂತ. 1818ರ ಡಿಸೆಂಬರ್ 24. ಮೋರ್ ತನ್ನ ಪದ್ಯವನ್ನು ಪಕ್ಕದ ಆರ್ನ್ಸ್‌ಡಾರ್ಫ್‌ನ ಶಾಲಾ ಮೇಷ್ಟ್ರು ಫ್ರಾಂಜ್ ಕ್ಸಾವರ್ ಗ್ರೂಬರ್ ಕೈಗೆ ಕೊಟ್ಟ. ಮೇಷ್ಟ್ರು ಅವತ್ತೇ ರಾಗ ಹಾಕಿದರು. ಮೇಷ್ಟ್ರು ಎಂಬುದನ್ನು ಗಮನಿಸಿ! ರಾತ್ರಿ ಗಿಟಾರ್ ಹಿಡಿದು ಇಬ್ಬರೂ ಹಾಡಿದರು. ಎದುರಿಗೆ ಕೂತವರು ಯಾರು? ಆಗಲೇ ಗುರುತು ಹಾಕಿಟ್ಟುಕೊಳ್ಳಿ ಎಂದೆನಲ್ಲ, ಆ ಚಳಿಗಾಲದ ಅಂಬಿಗರು. ಕೆಲಸವಿಲ್ಲ, ಎರಡು ವರ್ಷದ ಕೆಳಗೆ ಊರು ಎರಡಾಗಿದೆ. ಅಂಥವರಿಗೆ ಜೋಗುಳದಂಥ ಹಾಡು. ಮುಂದೆ ಅದು ಲೋಕವೆಲ್ಲ ಸುತ್ತಿತು. ಮಂಗಳೂರಿನ ಚರ್ಚುಗಳಲ್ಲೂ ಈ ವಾರ ಅದೇ ರಾಗ ಕೇಳಿಸುತ್ತದೆ.

ಇನ್ನು ಇಲಿಯ ಕಥೆ. ಚರ್ಚಿನ ಆರ್ಗನ್ ವಾದ್ಯದ ತಿದಿಯನ್ನು ಇಲಿ ಕಡಿದಿತ್ತು, ಅದಕ್ಕೇ ಗಿಟಾರ್ ಹಿಡಿದರು ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಟೂರ್ ಹುಡುಗನೂ ಹೇಳಿದ. ದಯವಿಟ್ಟು ಬಿಟ್ಟುಬಿಡಿ. ಗ್ರೂಬರ್ 1854ರಲ್ಲಿ ತನ್ನ ಕೈಯಾರೆ ಬರೆದಿಟ್ಟ ಟಿಪ್ಪಣಿಯಲ್ಲಿ ಇಲಿಯೂ ಇಲ್ಲ, ಕೆಟ್ಟ ಆರ್ಗನ್ನೂ ಇಲ್ಲ. ಇಲಿಗೆ ಕೊಟ್ಟ ಗಮನದಲ್ಲಿ ಅರ್ಧದಷ್ಟು ಹೊಳೆಗೆ ಕೊಟ್ಟಿದ್ದರೆ ನಾನು ಇಷ್ಟು ಮಾತಾಡುವ ಕೆಲಸವೇ ಇರಲಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತೇವಲ್ಲ. ಓಬರ್ನ್‌ಡಾರ್ಫ್ ಕುಡಿಯಿತು. ಆ ಲಾಳ ನೆನಪಿದೆಯಾ? ತಿರುವಿನಲ್ಲಿ ನೀರಿನ ಹೊಡೆತ ಹೊರಗಿನ ದಡಕ್ಕೇ ಜಾಸ್ತಿ. 1897ರಲ್ಲಿ ಪ್ರವಾಹ, 1899ರಲ್ಲಿ ಮತ್ತೆ ಪ್ರವಾಹ, ಹಳೆಯ ಸೇತುವೆ ಕೊಚ್ಚಿಹೋಯಿತು. ಅಷ್ಟು ಹೊತ್ತಿಗೆ ರೈಲು ಬಂದು ದೋಣಿಗಳ ಕಾಲವೂ ಮುಗಿದಿತ್ತು. ಊರಿನವರು ಊರನ್ನೇ ಎತ್ತಿಕೊಂಡು ಹೊಳೆಯ ಮೇಲ್ಗಡೆಗೆ, ಸುಮಾರು 800 ಮೀಟರ್ ದೂರದ ಎತ್ತರದ ಜಾಗಕ್ಕೆ ಹೋದರು. ಹಾಡು ಹುಟ್ಟಿದ ಚರ್ಚನ್ನು ಕೆಡವಿದರು. ನಾನು ಹೇಳಿದ ಪುಟ್ಟ ಮಂದಿರ ಅದೇ ಜಾಗದಲ್ಲಿ ಎದ್ದದ್ದು. 1924ರಲ್ಲಿ ಕೆಲಸ ಶುರುವಾಯಿತು, 1937ರಲ್ಲಿ ಉದ್ಘಾಟನೆಯಾಯಿತು. ಅಂದರೆ ಫೋಟೋ ತೆಗೆಯುವವರು ಹಾಡಿನ ಚರ್ಚೆಂದು ತೆಗೆಯುವುದು ಅದಾದ ನೂರು ವರ್ಷದ ಮೇಲೆ ಕಟ್ಟಿದ್ದನ್ನು. ಹಳೆಯದಾಗಿ ಅಲ್ಲಿ ಉಳಿದಿರುವುದು ಹೊಳೆ.

ಆಸ್ಟ್ರಿಯಾ 1995ರಲ್ಲಿ ಯುರೋಪಿನ ಒಕ್ಕೂಟ ಸೇರಿತು, 1998ರಲ್ಲಿ ಈ ಗಡಿಯ ತಪಾಸಣೆ ನಿಂತಿತು. ಬೀದಿ ಮತ್ತೆ ತೆರೆಯಿತು. 2015ರಲ್ಲಿ ಜರ್ಮನಿ ಮತ್ತೆ ಪೊಲೀಸರನ್ನು ನಿಲ್ಲಿಸಿತು, 2020ರಲ್ಲಿ ಕೊರೋನಾ ಬಂದಾಗ ಇನ್ನೂ ಬಿಗಿಯಾಯಿತು. ಆ ಬೇಕರಿಯ ಹೆಣ್ಣುಮಗಳು ಆಗ ಅಮ್ಮನನ್ನು ಹೇಗೆ ನೋಡಿಕೊಂಡು ಬಂದಳೋ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ನಿಲ್ಲಿಸುತ್ತೇನೆ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ ಬಸ್ಸಿನ ಗುಂಪಿನಲ್ಲಿ ಹೋಗಬೇಡಿ. ಸಾಲ್ಜ್‌ಬರ್ಗಿನಿಂದ ಲೋಕಲ್ ರೈಲು ಹತ್ತಿ. ಮಂದಿರ ನೋಡಿ, ಬೇಡ ಅನ್ನುವುದಿಲ್ಲ. ಆಮೇಲೆ ಹಿಂದಿನ ಏರಿ ಹತ್ತಿ. ಪಾಸ್‌ಪೋರ್ಟ್ ಕಿಸೆಯಲ್ಲಿರಲಿ. ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ನಮಸ್ಕಾರ.