ಮಳೆಗಾಲ, ಕಟ್ಟಡದ ಸೈಟು ಮತ್ತು ಒಂದು ಪಾಲಿಸಿ

ಕೇಳುಗರಿಗೆಲ್ಲ ನಮಸ್ಕಾರ.

ಕಾರವಾರ, ಅಂಕೋಲಾ, ಕುಮಟಾ ಕಡೆ ಈಗ ಎಲ್ಲಿ ನೋಡಿದರೂ ಲಾಡ್ಜು, ಕಾಂಪ್ಲೆಕ್ಸು, ಕಲ್ಯಾಣ ಮಂಟಪ ಏಳುತ್ತಿವೆ. ಕಟ್ಟಿಸುವವರನ್ನು ಕೇಳಿ, ಸಿಮೆಂಟಿನ ದರ ಬಾಯಿತುದಿಯಲ್ಲೇ ಇರುತ್ತದೆ. ನೀರಿಗೆ ಏನು ಮಾಡಿದ್ದೀರಿ ಅಂದರೆ ಮಾತ್ರ ಟಾರ್ಪಾಲು ತೋರಿಸುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುವ ಊರಲ್ಲಿ ಟಾರ್ಪಾಲು ಏನು ತಡೆದೀತು ಹೇಳಿ.

ಎಷ್ಟೋ ಜನ ನಂಬದ ಒಂದು ವಿಷಯವಿದೆ. ಕಾಂಕ್ರೀಟ್ ಟ್ಯಾಂಕು ತೇಲುತ್ತದೆ. ನಿಜವಾಗಿಯೂ. ಗಜನಿ, ಅಂದರೆ ಉಪ್ಪುನೀರು ಬರುವ ತಗ್ಗು ಜಾಗಕ್ಕೆ ಕೆಂಪು ಮಣ್ಣು ತುಂಬಿ ಕಟ್ಟಡ ಎಬ್ಬಿಸುತ್ತೇವಲ್ಲ, ಅಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ನೆಲದೊಳಗಿನ ನೀರು ಮೇಲಿನ ತನಕ ಬರುತ್ತದೆ. 4 ಮೀಟರ್ ಉದ್ದ, 3 ಮೀಟರ್ ಅಗಲ, ಎರಡೂವರೆ ಮೀಟರ್ ಆಳದ ಖಾಲಿ ಸಂಪು ಅಂದುಕೊಳ್ಳಿ. ಸುತ್ತ ಅಂಚಿನವರೆಗೆ ನೀರು ನಿಂತರೆ ಅದು ಸಂಪನ್ನು 30 ಟನ್ ಬಲದಿಂದ ಮೇಲಕ್ಕೆ ನೂಕುತ್ತದೆ. ಗೋಡೆ, ತಳ 200 ಮಿಲಿಮೀಟರ್ ದಪ್ಪವಿದ್ದು ಮೇಲಿನ ಸ್ಲ್ಯಾಬ್ ಇನ್ನೂ ಬಿದ್ದಿಲ್ಲ ಅಂದರೆ ಸಂಪಿನ ತೂಕ ಸುಮಾರು 21 ಟನ್ ಅಷ್ಟೇ. ಒಂದು ಮೂಲೆ ಎದ್ದಿತು ಅಂದರೆ ಕಥೆ ಮುಗಿಯಿತು, ಪೈಪು ಮುರಿದು ಗೋಡೆ ಬಿರುಕು ಬಿಟ್ಟು, ಮತ್ತೆ ಕೂರಿಸುವುದು ಕನಸಿನ ಮಾತು. ಇದಕ್ಕೆ ಉಪಾಯ ಬಹಳ ಅಗ್ಗದ್ದು. ಮೇ ಕೊನೆಯೊಳಗೆ ಸಂಪಿಗೆ ನೀರು ತುಂಬಿಸಿಡಿ. ಬೇಸ್‌ಮೆಂಟಿಗೂ ಇದೇ ಲೆಕ್ಕ, ಮೇಲೆ ಸಾಕಷ್ಟು ಮಹಡಿಯ ಭಾರ ಬೀಳುವ ತನಕ ಸುತ್ತಲಿನ ನೆಲದ ನೀರು ಎತ್ತುವ ಪಂಪು ನಿಲ್ಲಿಸಬಾರದು. ಮಳೆಗಾಲದಲ್ಲಿ ಕರೆಂಟು ಇರುವುದು ಎಷ್ಟು ಹೊತ್ತು ಅಂತ ನಿಮಗೇ ಗೊತ್ತು, ಹಾಗಾಗಿ ಒಂದು ಡೀಸೆಲ್ ಪಂಪೂ ಇರಲಿ. ಚರಂಡಿ ಸಮುದ್ರಕ್ಕೋ ಹೊಳೆಗೋ ಹೋಗುವ ಕಡೆ, ಭರತಿ, ಅಂದರೆ ಉಬ್ಬರ ಬಂದಾಗ ನೀರು ಹಿಂದಕ್ಕೇ ನುಗ್ಗುತ್ತದೆ. ಪೈಪಿನ ಬಾಯಿಗೆ ಹಿಮ್ಮುಖ ತಡೆಯುವ ವಾಲ್ವ್ ಹಾಕಿಸಿ.

ಆದರೆ ನನ್ನ ಕೇಳಿದರೆ ಮಳೆಗಿಂತ ಜಾಸ್ತಿ ಹೆದರಬೇಕಾದ್ದು ನಲ್ಲಿ ನೀರಿಗೆ. ಟೈಲ್ಸ್ ಆಗಿದೆ, ಜಿಪ್ಸಮ್ ಸೀಲಿಂಗ್ ಆಗಿದೆ, ಪೇಂಟ್ ನಡೆಯುತ್ತಿದೆ. ಪ್ಲಂಬರ್ ಸಂಜೆ ಲೈನ್ ಚಾಲೂ ಮಾಡಿ, ಮೂರನೇ ಮಹಡಿಯಲ್ಲಿ ಒಂದು ಜಾಯಿಂಟು ಸರಿ ಕೂತಿಲ್ಲ ಅನ್ನುವುದನ್ನು ನೋಡದೆ ಮನೆಗೆ ಹೋಗುತ್ತಾನೆ. ಬೆಳಿಗ್ಗೆ ಬಾಗಿಲು ತೆಗೆದರೆ ಎರಡನೇ ಮಹಡಿಯ ಸೀಲಿಂಗು ನೆಲದ ಮೇಲೆ ಮುದ್ದೆಯಾಗಿ ಬಿದ್ದಿರುತ್ತದೆ. ಗೋಡೆ ಮುಚ್ಚುವ ಮೊದಲೇ, ಪೈಪಿಗೆ ಒತ್ತಡ ಕೊಟ್ಟು ಎಲ್ಲಿ ಸೋರುತ್ತದೆ ಅಂತ ನೋಡುವ ಪ್ರೆಶರ್ ಟೆಸ್ಟ್ ಮಾಡಿ. ಮಾಡುವಾಗ ಜನ ನಿಂತಿರಲಿ. ರಾತ್ರಿ ಮುಖ್ಯ ವಾಲ್ವ್ ಬಂದ್ ಮಾಡುವುದು ಯಾರ ಕೆಲಸ ಅಂತ ಹೆಸರು ಹಿಡಿದು ಹೇಳಿ. ಎಲ್ಲರ ಕೆಲಸ ಅಂದರೆ ಯಾರೂ ಮಾಡುವುದಿಲ್ಲ, ಅಲ್ವಾ?

ಇನ್ನು ವಿಮೆ. ಕಟ್ಟುತ್ತಿರುವ ಕಟ್ಟಡಕ್ಕೆ ಆಗುವ ಇಂಥ ಹಾನಿಗೆ ಇರುವುದು ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ, ಚಿಕ್ಕದಾಗಿ ಸಿ.ಎ.ಆರ್. ಕಾರ್ ಪಾಲಿಸಿ ಅಂದ ಕೂಡಲೇ ಗಾಡಿಯ ಆರ್‌ಸಿ ಬುಕ್ ತಂದುಕೊಡುವವರೂ ಇದ್ದಾರೆ, ಇರಲಿ. ಪ್ರವಾಹ, ಬಿರುಗಾಳಿ, ಇದ್ದಕ್ಕಿದ್ದಂತೆ ಒಡೆದ ಪೈಪು, ಇಂಥವು ಸಾಮಾನ್ಯವಾಗಿ ಇದರಲ್ಲಿ ಬರುತ್ತವೆ. ಹೆಸರಿನಲ್ಲಿ ಆಲ್ ಇದೆ ಅಂತ ಎಲ್ಲವೂ ಬರುವುದಿಲ್ಲ. ತಪ್ಪಾಗಿ ಹಾಕಿದ ಜಾಯಿಂಟನ್ನು ಸರಿಮಾಡುವ ಖರ್ಚು ನಿಮ್ಮದೇ, ಅದರಿಂದ ಹಾಳಾದ ಸೀಲಿಂಗಿಗೆ ಮಾತ್ರ ಕೇಳಬಹುದು. ಡಿಸೈನೇ ತಪ್ಪಿದ್ದರೆ ಮಾಮೂಲಿ ಪಾಲಿಸಿಯಲ್ಲಿ ಅದೂ ಇಲ್ಲ.

ನಮ್ಮ ಕಡೆಯವರು ಎಡವುವುದು ಇನ್ನೊಂದು ಕಡೆ. ಜೂನ್ ಬಂತೆಂದರೆ ಕೆಲಸಗಾರರು ಊರಿಗೆ ಹೋಗುತ್ತಾರೆ, ಸೈಟಿಗೆ ಬೀಗ. ಕೆಲಸ ನಿಂತದ್ದರಿಂದ ಆದ ಹಾನಿ ಪಾಲಿಸಿಯ ಹೊರಗೆ ಅಂತ ಒಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಅಂದರೆ ನಮಗೆ ವಿಮೆ ಅತಿ ಹೆಚ್ಚು ಬೇಕಾದ ತಿಂಗಳುಗಳಲ್ಲೇ ತಕರಾರು. ಬೀಗ ಹಾಕುವ ಮೊದಲೇ ಕಂಪನಿಗೆ ಬರಹದಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ, ಕಾವಲುಗಾರನನ್ನೂ ಇಡಿ. ಕೆಲಸ ತಡವಾಗಿ ಪಾಲಿಸಿ ಜುಲೈನಲ್ಲಿ ಮುಗಿಯುವಂತಿದ್ದರೆ, ಮುಗಿಯುವ ಮುಂಚೆಯೇ ಅದರ ಅವಧಿ ವಿಸ್ತರಿಸಿಕೊಳ್ಳಿ.

ಪ್ರೀಮಿಯಂ ಉಳಿಸಲು 4 ಕೋಟಿಯ ಕಟ್ಟಡಕ್ಕೆ 2 ಕೋಟಿ ಬರೆಸುವವರಿಗೆ ಒಂದು ಮಾತು. ಬರೆಸಿದ್ದು ಅರ್ಧ ಬೆಲೆ ಆದ್ದರಿಂದ, 10 ಲಕ್ಷ ನಷ್ಟವಾದರೆ ಲೆಕ್ಕಕ್ಕೆ ಬರುವುದೂ ಅರ್ಧವೇ, 5 ಲಕ್ಷ. ಅದರಲ್ಲೂ ಎಕ್ಸೆಸ್ ಅಂತ ಒಂದಿಷ್ಟು ಕಡಿತ, ಪ್ರವಾಹ, ಬಿರುಗಾಳಿಯಂಥ ನಷ್ಟಕ್ಕೆ ಅದು ಇನ್ನೂ ದೊಡ್ಡದು. ಮಾಲೀಕರೇ ತಂದುಕೊಟ್ಟ ಲಿಫ್ಟು, ಜನರೇಟರ್ ಬೆಲೆಯನ್ನೂ ಸೇರಿಸಿ ಬರೆಸಬೇಕು.

ಪಕ್ಕದವರ ಕಂಪೌಂಡ್ ಬುಡದಲ್ಲಿ ಪಾಯ ತೋಡುತ್ತೀರಾ? ಮಳೆಗೆ ಮಣ್ಣು ಜಾರಿ ಅವರ ಗೋಡೆ ಬಿದ್ದರೆ ಮಾಮೂಲಿ ಪಾಲಿಸಿ ಕೈಬಿಡಬಹುದು. ಆಸರೆ ಕಿತ್ತದ್ದರಿಂದ ಆದ ಹಾನಿಗೆ ಬೇರೆಯಾಗಿ ಬರೆಸಿಕೊಳ್ಳಬೇಕು. ತೋಡುವ ಮೊದಲು ಆ ಗೋಡೆಯ ಹಳೇ ಬಿರುಕುಗಳ ಫೋಟೋ ತೆಗೆದಿಡಿ. ಇಲ್ಲದಿದ್ದರೆ ಆಮೇಲೆ ಎಲ್ಲ ಬಿರುಕೂ ನಿಮ್ಮ ತಲೆಗೇ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ನೀರು ನುಗ್ಗಿತು ಅನ್ನಿ. ಮೊದಲು ವಾಲ್ವ್ ಬಂದ್ ಮಾಡಿ, ನೀರು ಹೊರಗೆ ಹಾಕಿ, ಇನ್ನೂ ಒದ್ದೆಯಾಗದ್ದನ್ನು ಎತ್ತಿಡಿ, ಅದೇ ದಿನ ಕಂಪನಿಗೆ ತಿಳಿಸಿ. ಒದ್ದೆಯಾದ ಸಿಮೆಂಟು ಚೀಲ, ಉಬ್ಬಿದ ಪ್ಲೈವುಡ್ಡು, ಒಡೆದ ಪೈಪು, ಯಾವುದನ್ನೂ ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡುವ ತನಕ ಎಸೆಯಬೇಡಿ. ಸೈಟಿನ ದಿನಚರಿ ಪುಸ್ತಕ, ಮಾಲು ತಂದ ಬಿಲ್ಲು ಕೈಗೆ ಸಿಗುವಂತಿರಲಿ. ಮತ್ತೆ ಅವನ್ನು ಎಲ್ಲಿ ಬೇಕಾದರೂ ಇಡಿ, ಬೇಸ್‌ಮೆಂಟಿನಲ್ಲಿ ಮಾತ್ರ ಇಡಬೇಡಿ.

ನಮಸ್ಕಾರ.