ಅರವತ್ತು ಗೆಲುವಿನ ಹಿಂದಿದ್ದ ಕರಾರು

ಅಮೆರಿಕದ ಹಳೇ ಕಾಲದ ಪಿಚರ್, ಅಂದರೆ ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯೋನು, ಓಲ್ಡ್ ಹಾಸ್ ರಾಡ್‌ಬರ್ನ್ ಹೆಸರು ಬಂದರೆ ಸಾಕು, ಬೇಸ್‌ಬಾಲ್ ಹುಚ್ಚಿರೋರು 1884ರ ಲೆಕ್ಕ ಶುರು ಮಾಡುತ್ತಾರೆ. ಒಂದೇ ಸೀಸನ್, ಪಿಚರ್ ಆಗಿ ಈತನ ಹೆಸರಿಗೆ 60 ಗೆಲುವು. 59 ಅನ್ನೋರೂ ಇದ್ದಾರೆ. ಒಂದು ಹೆಚ್ಚೋ ಕಡಿಮೆಯೋ, ಅದನ್ನು ಇನ್ನು ಯಾರೂ ಮುಟ್ಟಲ್ಲ ಬಿಡಿ. ಆದರೆ ಅಷ್ಟೂ ಭಾರ ಒಬ್ಬನ ತೋಳಿನ ಮೇಲೇ ಯಾಕೆ ಬಿತ್ತು ಅಂತ ಕೇಳೋರೇ ಕಡಿಮೆ. ನನಗೆ ಅದೇ ಬೇಜಾರು.

ಆತ ಆಡುತ್ತಿದ್ದ ಪ್ರಾವಿಡೆನ್ಸ್ ಗ್ರೇಸ್ ತಂಡದಲ್ಲಿ ಇದ್ದದ್ದು ಇಬ್ಬರು ಮುಖ್ಯ ಪಿಚರ್‌ಗಳು, ಈತ ಮತ್ತು ಚಾರ್ಲಿ ಸ್ವೀನಿ. ಇಬ್ಬರಿಗೂ ಒಳಗೊಳಗೇ ಪೈಪೋಟಿ. ಜುಲೈನಲ್ಲಿ ರಾಡ್‌ಬರ್ನ್‌ನನ್ನು ಕ್ಲಬ್ ಅಮಾನತು ಮಾಡಿತು. ಅದಾಗಿ ಸ್ವಲ್ಪ ದಿನಕ್ಕೇ ಸ್ವೀನಿ ಆಟದ ನಡುವೆ ಜಗಳ ಮಾಡಿಕೊಂಡು ತಂಡ ಬಿಟ್ಟೇ ಹೋದ. ಈಗ ಕ್ಲಬ್ಬಿಗೆ ಬೇರೆ ಗತಿ ಇಲ್ಲ, ಅಲ್ವಾ? ಅಮಾನತು ಮಾಡಿದವನನ್ನೇ ಕರೆಯಬೇಕಾಯಿತು. ಆಗ ಆತ ಷರತ್ತು ಹಾಕಿದ: ಉಳಿದ ಪಂದ್ಯಗಳನ್ನು ನಾನೇ ಎಸೆಯುತ್ತೇನೆ, ಅದಕ್ಕೆ ಹೆಚ್ಚು ದುಡ್ಡು ಕೊಡಿ, ಸೀಸನ್ ಮುಗಿದ ಮೇಲೆ ನನ್ನನ್ನು ರಿಸರ್ವ್ ನಿಯಮದಿಂದ ಬಿಡಿ. ಕ್ಲಬ್ ಒಪ್ಪಿತು.

ಆ ರಿಸರ್ವ್ ನಿಯಮ ಅಂದರೆ ಏನು ಗೊತ್ತಾ? ಕ್ಲಬ್ ಬಿಡೋವರೆಗೂ ಆಟಗಾರ ಬೇರೆ ಕಡೆ ಆಡುವ ಹಾಗಿಲ್ಲ. ಸಂಬಳ ಕಡಿಮೆ ಆಯಿತು ಅಂತ ಇನ್ನೊಂದು ಊರಿಗೆ ಹೋಗುವ ದಾರಿಯೇ ಇಲ್ಲ. ಕಟ್ಟಿಹಾಕಿದ ಹಾಗೇ ಲೆಕ್ಕ. ಅದರಿಂದ ಬಿಡಿಸಿಕೊಳ್ಳೋಕೆ ಈ ಮನುಷ್ಯನ ಹತ್ತಿರ ಇದ್ದದ್ದು ಬಲಗೈ ಒಂದೇ.

ಆ ವರ್ಷ ಆತ ಶುರು ಮಾಡಿದ ಪಂದ್ಯ 73, ಪೂರ್ತಿ ಮುಗಿಸಿದ್ದೂ 73. ಒಟ್ಟು 678 ಇನ್ನಿಂಗ್ಸ್ (ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು). ಈಗಿನ ಪಿಚರ್ ನಾಲ್ಕೈದು ದಿನಕ್ಕೊಮ್ಮೆ ಎಸೆದು, ವರ್ಷಕ್ಕೆ 200 ಇನ್ನಿಂಗ್ಸ್ ದಾಟಿದರೇ ದೊಡ್ಡದು. ಆಗ ಎಸೆಯುವ ದೂರ 50 ಅಡಿ, ಈಗಿನದಕ್ಕಿಂತ ಹತ್ತು ಅಡಿ ಕಡಿಮೆ, ಆಟವೇ ಬೇರೆ ಥರ ಇತ್ತು, ಎಲ್ಲಾ ಒಪ್ಪುತ್ತೇನೆ, ಆದರೂ ನೋವು ನೋವೇ. ಬೆಳಗ್ಗೆ ಎದ್ದರೆ ತಲೆ ಬಾಚೋಕೂ ಕೈ ಮೇಲೆ ಹೋಗುತ್ತಿರಲಿಲ್ಲವಂತೆ. ಮಧ್ಯಾಹ್ನ ಮತ್ತೆ ಅದೇ ಕೈಯಲ್ಲಿ ಎಸೆತ. ಲೀಗ್ ಗೆದ್ದಾಯಿತು. ಆಮೇಲೆ ಇನ್ನೊಂದು ಲೀಗ್ ಗೆದ್ದಿದ್ದ ನ್ಯೂಯಾರ್ಕ್ ಮೆಟ್ರೊಪಾಲಿಟನ್ಸ್ ವಿರುದ್ಧ ಮೂರು ಪಂದ್ಯ, ಮೂರನ್ನೂ ಈತನೇ ಎಸೆದು ಮೂರೂ ಗೆಲ್ಲಿಸಿದ.

ಅಷ್ಟು ಗೆದ್ದ ಕ್ಲಬ್ 1885 ಮುಗಿಯುತ್ತಲೇ ಬಾಗಿಲು ಹಾಕಿತು. ರಾಡ್‌ಬರ್ನ್ ಬಾಸ್ಟನ್‌ಗೆ ಹೋದ. 1890ರಲ್ಲಿ, ಇದೇ ರಿಸರ್ವ್ ನಿಯಮದ ಸಿಟ್ಟಿಗೆ ಆಟಗಾರರು ಎದ್ದು ತಮ್ಮದೇ ಪ್ಲೇಯರ್ಸ್ ಲೀಗ್ ಕಟ್ಟಿದಾಗ, ಈತನೂ ಅದಕ್ಕೆ ಸೇರಿ ಬಾಸ್ಟನ್ ಪರ 27 ಪಂದ್ಯ ಗೆದ್ದ. ಲೀಗ್ ಒಂದೇ ವರ್ಷಕ್ಕೆ ನಿಂತುಹೋಯಿತು. ಮರುವರ್ಷ ಸಿನ್ಸಿನಾಟಿಯಲ್ಲಿ ಆಡಿ ಆಟ ಬಿಟ್ಟ. 1897ರಲ್ಲಿ ತೀರಿಕೊಂಡಾಗ ಇನ್ನೂ 42 ವರ್ಷ. ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 1939ರಲ್ಲಿ.

ಆ 60ರ ಮಾತು ಎತ್ತೋರು ಜುಲೈ ತಿಂಗಳ ಆ ಕರಾರನ್ನೂ ಜೊತೆಗೇ ಹೇಳಲಿ ಅನ್ನೋದು ನನ್ನ ಆಸೆ. ಸುಮ್ನೆ ಉಕ್ಕಿನ ತೋಳು ಅಂತ ಹೊಗಳಿದರೆ, ಬಿಡುಗಡೆಗೋಸ್ಕರ ಚೌಕಾಸಿ ಮಾಡಿದ ಆ ಕೆಲಸಗಾರ ಕಾಣೋದೇ ಇಲ್ಲ.