ಅಮ್ಮನ ಕಾಲಿಗೆ ದಾಳಿಂಬೆ ಮಾತ್ರೆ ಬೇಕಾ?

ನಮಸ್ಕಾರ. ಹೋದ ತಿಂಗಳು ಅಮ್ಮ ನೆಲದ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಮುಗಿಸಿ ಏಳಲು ಹೋದರು. ಒಂದು ಕೈ ನೆಲಕ್ಕೆ, ಇನ್ನೊಂದು ಬಾಗಿಲ ಚೌಕಟ್ಟಿಗೆ. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಎದ್ದರು. "ವಯಸ್ಸಾಯ್ತಲ್ಲ" ಅಂದರು.

ಆ ರಾತ್ರಿ ಫೋನ್ ಹಿಡಿದು ಕೂತೆ. ಜೀವಕೋಶದ ವಯಸ್ಸು ಇಳಿಸುತ್ತೇವೆ ಅನ್ನುವ ಮಾತ್ರೆಗಳು ಒಂದರ ಹಿಂದೆ ಒಂದು ಬಂದವು. ಒಂದರ ಹೆಸರು ಯುರೋಲಿಥಿನ್ ಎ.

ಇದು ಸುಮ್ನೆ ಕಟ್ಟಿದ ಕತೆಯಲ್ಲ. ದಾಳಿಂಬೆ, ವಾಲ್‌ನಟ್ ತಿಂದಾಗ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳೇ ಇದನ್ನು ತಯಾರಿಸುತ್ತವೆ. ಎಲ್ಲರ ಹೊಟ್ಟೆಯಲ್ಲೂ ಆ ಬ್ಯಾಕ್ಟೀರಿಯಾ ಇರೋದಿಲ್ಲ, ಅದಕ್ಕೇ ಮಾತ್ರೆ. ಸ್ನಾಯುವಿಗೆ ಶಕ್ತಿ ಕೊಡೋದು ಮೈಟೋಕಾಂಡ್ರಿಯಾ, ಅಂದರೆ ಕೋಶದ ಒಳಗಿನ ಪುಟ್ಟ ಶಕ್ತಿ ಘಟಕಗಳು. ಕೆಟ್ಟು ಹೋದವನ್ನು ಕೋಶ ತಾನೇ ಒಡೆದು ಗುಡಿಸಿ ಹಾಕುತ್ತದೆ. ವಯಸ್ಸಾದಂತೆ ಆ ಗುಡಿಸುವ ಕೆಲಸ ನಿಧಾನವಾಗುತ್ತದೆ. ಯುರೋಲಿಥಿನ್ ಅದನ್ನು ಚುರುಕು ಮಾಡಿ ಹುಳುಗಳ ಆಯಸ್ಸು ಹೆಚ್ಚಿಸಿದ್ದು 2016ರಲ್ಲಿ ಪ್ರಕಟವಾಯಿತು.

ಮನುಷ್ಯರಲ್ಲಿ? 2022ರಲ್ಲಿ ಅಮೆರಿಕದ ಒಂದು ಪರೀಕ್ಷೆಯ ಫಲಿತಾಂಶ ಬಂತು. 65 ದಾಟಿದ 66 ಜನ, ನಾಲ್ಕು ತಿಂಗಳು. ಕೆಲವರಿಗೆ ದಿನಕ್ಕೆ 1000 ಮಿಲಿಗ್ರಾಂ, ಉಳಿದವರಿಗೆ ಮದ್ದಿಲ್ಲದ ಮಾತ್ರೆ. ಮದ್ದು ತಗೊಂಡವರ ಕೈ, ಕಾಲಿನ ಒಂದೊಂದು ಸ್ನಾಯು ದಣಿಯುವ ಮುಂಚೆ ಜಾಸ್ತಿ ಸಲ ಕೆಲಸ ಮಾಡಿತು. ಸಂತೋಷ. ಆದರೆ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಅಂತ ನೋಡಿದಾಗ, ಎರಡು ಗುಂಪಿಗೂ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಪರೀಕ್ಷೆಗೆ ದುಡ್ಡು ಹಾಕಿದ್ದು ಮಾತ್ರೆ ಮಾಡುವ ಕಂಪನಿಯೇ. ನಾನು ನೋಡಿದ ಜಾಹೀರಾತಿನಲ್ಲಿ ಸ್ನಾಯುವಿನ ಮಾತಿತ್ತು, ನಡಿಗೆಯ ಮಾತೇ ಇರಲಿಲ್ಲ. ನನಗೆ ಸಿಟ್ಟು ಬರೋದು ಅಲ್ಲೇ. ನಮ್ಮ ಅಮ್ಮಂದಿರು ನಡೀಬೇಕು ಅಂತಲೇ ತಾನೇ ನಾವು ದುಡ್ಡು ಕೊಡೋದು?

ಇನ್ನೊಂದು ಪರೀಕ್ಷೆ ಕೇಳಿ. ಬಾಸ್ಟನ್‌ನ ವೃದ್ಧಾಶ್ರಮ, 1990. ಸುಮಾರು 90 ವರ್ಷದ 10 ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು. ತೊಂಬತ್ತರಲ್ಲಿ! ದುಡಿಯುವ ಸ್ನಾಯು ಹೊಸ ಮೈಟೋಕಾಂಡ್ರಿಯಾವನ್ನೂ ಮಾಡಿಕೊಳ್ಳುತ್ತದೆ.

ಪುಡಿ, ಮಾತ್ರೆ ಏನಾದರೂ ಕೊಡಲೇಬೇಕು ಅಂದರೆ ಕ್ರಿಯಾಟಿನ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ; ಸ್ನಾಯುವಿಗೆ ತಕ್ಷಣ ಶಕ್ತಿ ಒದಗಿಸಲು ನೆರವಾಗುವ ವಸ್ತು ಅದು. ಕಿಡ್ನಿ ತೊಂದರೆ ಇದ್ದರಂತೂ ಕೇಳದೆ ಬೇಡ. ಅದು ಕೂಡ ವ್ಯಾಯಾಮದ ಜೊತೆಗೇ ಚೆನ್ನಾಗಿ ಕೆಲಸ ಮಾಡೋದು.

ನಾನು ಆ ಯುರೋಲಿಥಿನ್ ಡಬ್ಬಿ ತರಿಸಲಿಲ್ಲ. ಬೆಳಗಿನ ಕಾಫಿಗೆ ಮುಂಚೆ ಅಮ್ಮ ಕುರ್ಚಿಯಿಂದ ಎದ್ದು ಕೂರುತ್ತಾರೆ, ನಾನು ಎಣಿಸುತ್ತೇನೆ. ಶುರುವಿನಲ್ಲಿ ನಾಲ್ಕು ಸಲ. ನಿನ್ನೆ ಹನ್ನೊಂದು. ನೆಲದಿಂದ ಏಳೋಕೆ ಚೌಕಟ್ಟು ಇನ್ನೂ ಬೇಕು, ಆದರೆ ಈಗ ಒಂದೇ ಸಲಕ್ಕೆ ಏಳುತ್ತಾರೆ.